ನಡುವಿನವರು ಉಳಿದ ಬಗೆ

1985ರ ಜುಲೈ ತಿಂಗಳು. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ, ಜೀವವಿಕಾಸವನ್ನು ಅನುಕರಿಸಿ ಉತ್ತರ ಹುಡುಕುವ ಜೆನೆಟಿಕ್ ಅಲ್ಗಾರಿದಂಗಳ ಕುರಿತ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಆ ವಿಷಯದಲ್ಲಿ ಕೆಲಸ ಮಾಡುತ್ತಿದ್ದವರು ಆಗ ಜಗತ್ತಿನಲ್ಲೇ ಬೆರಳೆಣಿಕೆಯಷ್ಟು ಮಂದಿ. ಅಲ್ಲಿ ಪ್ರಬಂಧ ಮಂಡಿಸಿದವರಲ್ಲಿ ಡೇವಿಡ್ ಶಾಫರ್ ಒಬ್ಬರು. ಹಿಂದಿನ ವರ್ಷವಷ್ಟೇ ಅವರು ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮುಗಿಸಿದ್ದರು. ಅವರ ಪ್ರೋಗ್ರಾಂ ಹೆಸರು ‘ವೇಗಾ’. ಒಂದೇ ಸಲ ಎರಡು ಮೂರು ಗುರಿಗಳ ಬೆನ್ನು ಹತ್ತುವಂತೆ ಕಂಪ್ಯೂಟರಿಗೆ ಕಲಿಸಿದ ಮೊದಲ ವಿಕಾಸವಾದಿ ಪ್ರೋಗ್ರಾಂ ಅದು ಎನ್ನಬಹುದು.

ಉಪಾಯ ಸರಳವಾಗಿತ್ತು. ನೂರು ಪರಿಹಾರಗಳ ಒಂದು ಗುಂಪು ಇದೆ, ಗುರಿ ಎರಡು. ಮೊದಲ ಗುರಿಯಲ್ಲಿ ಚೆನ್ನಾಗಿರುವ ಐವತ್ತನ್ನು ಆರಿಸು, ಎರಡನೆಯದರಲ್ಲಿ ಚೆನ್ನಾಗಿರುವ ಐವತ್ತನ್ನು ಆರಿಸು, ಎಲ್ಲವನ್ನೂ ಕಲಸಿ ಒಂದಕ್ಕೊಂದು ಜೋಡಿ ಮಾಡು, ಮರಿಗಳನ್ನು ಪಡೆ. ಹೀಗೆ ಪೀಳಿಗೆಯ ಮೇಲೆ ಪೀಳಿಗೆ. ಕಾಗದದ ಮೇಲೆ ಇದರಲ್ಲಿ ಹುಳುಕು ಕಾಣುವುದಿಲ್ಲ. ಓಡಿಸಿದಾಗ ಮಾತ್ರ ವಿಚಿತ್ರ ನಡೆಯಿತು. ಕೆಲವು ಪೀಳಿಗೆ ಕಳೆಯುವಷ್ಟರಲ್ಲಿ ಗುಂಪು ಎರಡು ಬಣವಾಗಿ ಒಡೆಯತೊಡಗಿತು. ಒಂದು ಬಣ ಮೊದಲ ಗುರಿಯಲ್ಲಿ ನಿಸ್ಸೀಮ, ಇನ್ನೊಂದು ಎರಡನೆಯದರಲ್ಲಿ. ಎರಡರಲ್ಲೂ ಸುಮಾರಾಗಿ ಚೆನ್ನಾಗಿದ್ದವು, ಅಂದರೆ ಎಂಜಿನಿಯರಿಗೆ ನಿಜವಾಗಿ ಬೇಕಾದವು, ಯಾವ ಆಯ್ಕೆಯಲ್ಲೂ ಮುಂದೆ ಬಾರದೆ ಅಳಿದವು. ಶಾಫರ್ ಇದನ್ನು ಮುಚ್ಚಿಡಲಿಲ್ಲ. ಜೀವಿಗಳು ಬೇರೆ ಬೇರೆ ಪ್ರಭೇದಗಳಾಗಿ ಕವಲೊಡೆಯುವುದಕ್ಕೆ ಇದನ್ನು ತಾವೇ ಹೋಲಿಸಿದರು. ಮುಂದಿನ ಮೂವತ್ತು ವರ್ಷ ಈ ಕ್ಷೇತ್ರದಲ್ಲಿ ನಡೆದ ಸುಧಾರಣೆಗಳನ್ನು ನಾನು ಓದಿಕೊಳ್ಳುವುದು ಒಂದೇ ಪ್ರಶ್ನೆಯ ಸುತ್ತ: ಆ ನಡುವಿನವರನ್ನು ಉಳಿಸಿಕೊಳ್ಳುವುದು ಹೇಗೆ?

ನಡುವಿನವರು ಅಂದರೆ ಯಾರು? ಗೋಡೆಯಲ್ಲಿ ಒಂದು ತುದಿ ಹೂತ ಕಬ್ಬಿಣದ ಸರಳನ್ನು ನೆನೆಯಿರಿ. ಹೊರಚಾಚಿದ ತುದಿಗೆ ಭಾರ ತೂಗಬೇಕು. ಸರಳು ಹಗುರವಾಗಿರಬೇಕು, ಬಾಗಲೂ ಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸರಳಿನ ದಪ್ಪವನ್ನು ಎರಡು ಪಟ್ಟು ಮಾಡಿದರೆ ಬಾಗುವುದು ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ, ಆದರೆ ತೂಕ ನಾಲ್ಕು ಪಟ್ಟಾಗುತ್ತದೆ. ತೀರ ತೆಳ್ಳಗಿನದು ಒಂದು ತುದಿ, ತೀರ ದಪ್ಪದ್ದು ಇನ್ನೊಂದು ತುದಿ. ಇವೆರಡರ ನಡುವೆ ‘ಇದೇ ಸರಿ’ ಎಂದು ಹೇಳಬಹುದಾದ ಒಂದು ಸರಳು ಇಲ್ಲ, ಸರಳುಗಳ ಒಂದು ಸಾಲೇ ಇದೆ. ಆ ಸಾಲಿನಲ್ಲಿ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋದರೆ ಒಂದು ಕಡೆ ಗಳಿಸಿ ಇನ್ನೊಂದು ಕಡೆ ಕಳೆದುಕೊಳ್ಳುತ್ತೀರಿ.

ಇಂಥ ಸಾಲಿಗೆ ತಮ್ಮ ಹೆಸರು ಬಿಟ್ಟುಹೋದವರು ವಿಲ್ಫ್ರೆಡೊ ಪ್ಯಾರೆಟೊ. 1848ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಇಟಾಲಿಯನ್, ಓದಿದ್ದು ಎಂಜಿನಿಯರಿಂಗ್, ದುಡಿದದ್ದು ರೈಲ್ವೆಯಲ್ಲಿ, ಆಮೇಲೆ ಕಬ್ಬಿಣದ ಕಂಪನಿಯಲ್ಲಿ. 1893ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. ಒಬ್ಬರಿಗೂ ನಷ್ಟವಾಗದಂತೆ ಇನ್ನೊಬ್ಬರಿಗೆ ಲಾಭ ಮಾಡಿಕೊಡಲು ಸಾಧ್ಯವೇ ಇಲ್ಲದ ಸ್ಥಿತಿಯನ್ನು ಅವರು 1906ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಇಂಗ್ಲೆಂಡಿನ ಎಜ್‌ವರ್ತ್ 1881ರಲ್ಲೇ ಈ ವಿಚಾರದ ಹತ್ತಿರ ಬಂದಿದ್ದರು, ಹೆಸರು ಮಾತ್ರ ಪ್ಯಾರೆಟೊ ಪಾಲಾಯಿತು. ಸಮಾಜದ ಜನರ ಜಾಗದಲ್ಲಿ ತೂಕ, ಬಾಗು, ಬೆಲೆ, ಹೊಗೆ ಎಂದು ಬರೆದುಕೊಂಡರೆ ಅದೇ ಮಾತು ಎಂಜಿನಿಯರಿಗೂ ಹೊಂದುತ್ತದೆ. ಒಂದು ಪರಿಹಾರ ಇನ್ನೊಂದಕ್ಕಿಂತ ಯಾವ ಗುರಿಯಲ್ಲೂ ಹಿಂದೆ ಬೀಳದೆ, ಒಂದರಲ್ಲಾದರೂ ಮುಂದಿದ್ದರೆ ಅದು ಇನ್ನೊಂದನ್ನು ಮೀರಿಸಿತು ಎನ್ನುತ್ತಾರೆ. ಯಾರೂ ಮೀರಿಸಲಾಗದವುಗಳ ಸಾಲೇ ಪ್ಯಾರೆಟೊ ಅಂಚು.

ಆ ಅಂಚನ್ನು ಹುಡುಕಲು ಹಳಬರ ಹತ್ತಿರ ಒಂದು ದಾರಿ ಇತ್ತು. ತೂಕಕ್ಕೆ ಇಷ್ಟು ಅಂಕ, ಬಾಗುವುದಕ್ಕೆ ಇಷ್ಟು ಅಂಕ ಎಂದು ಕೂಡಿಸಿ ಎರಡು ಗುರಿಯನ್ನು ಒಂದು ಮಾಡಿಕೊಳ್ಳುವುದು. ಪರೀಕ್ಷೆಯಲ್ಲಿ ಕನ್ನಡಕ್ಕೆ ಇಷ್ಟು, ಗಣಿತಕ್ಕೆ ಇಷ್ಟು ಎಂದು ಕೂಡಿ ರ‍್ಯಾಂಕ್ ಕೊಟ್ಟ ಹಾಗೆ. ಇದರ ತೊಡಕು ಎರಡು. ಒಂದು ಸಲಕ್ಕೆ ಒಂದೇ ಉತ್ತರ ಸಿಗುತ್ತದೆ. ಅದಕ್ಕಿಂತ ದೊಡ್ಡದು, ಅಂಚು ಒಳಕ್ಕೆ ತಗ್ಗಿದ ಕಡೆ ಅಂಕಗಳನ್ನು ಹೇಗೆ ಬದಲಾಯಿಸಿದರೂ ಆ ತಗ್ಗಿನಲ್ಲಿರುವ ಪರಿಹಾರ ಕೈಗೆ ಸಿಗುವುದೇ ಇಲ್ಲ. ಮತ್ತೆ ನಡುವಿನವರಿಗೇ ಪೆಟ್ಟು.

ವಿಕಾಸವನ್ನು ಯಂತ್ರದ ಕೆಲಸಕ್ಕೆ ಹಚ್ಚುವ ಯೋಚನೆ ಹುಟ್ಟಿದ್ದು ಒಂದೇ ಕಡೆಯಲ್ಲ. ನನಗೆ ಹೆಚ್ಚು ಇಷ್ಟವಾಗುವುದು ಬರ್ಲಿನ್ನಿನ ಕಥೆ. 1964ರಲ್ಲಿ ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಇಂಗೊ ರೆಖೆನ್‌ಬರ್ಗ್ ಎಂಬ ವಿದ್ಯಾರ್ಥಿ ಹ್ಯಾನ್ಸ್-ಪಾಲ್ ಶ್ವೆಫೆಲ್ ಮತ್ತು ಪೀಟರ್ ಬೀನರ್ಟ್ ಎಂಬ ಗೆಳೆಯರ ಜೊತೆ ಸೇರಿ ಗಾಳಿಸುರಂಗದಲ್ಲಿ ಒಂದು ತಗಡನ್ನಿಟ್ಟರು. ಆರು ಪಟ್ಟಿಗಳನ್ನು ಐದು ಕೀಲುಗಳಿಂದ ಜೋಡಿಸಿದ ತಗಡು. ಒಂದೊಂದು ಕೀಲನ್ನೂ 51 ಕೋನಗಳಲ್ಲಿ ನಿಲ್ಲಿಸಬಹುದು. ಒಟ್ಟು ಆಕಾರಗಳು 34 ಕೋಟಿ 50 ಲಕ್ಷಕ್ಕೂ ಹೆಚ್ಚು. ಗಾಳಿಗೆ ಅತಿ ಕಡಿಮೆ ತಡೆಯೊಡ್ಡುವ ಆಕಾರ ಯಾವುದು? ಚಪ್ಪಟೆಯೇ ಎಂದು ಯಾರಾದರೂ ಹೇಳಬಲ್ಲರು. ಆದರೆ ಆ ತಿಳಿವಳಿಕೆ ಇಲ್ಲದೆ, ಬರೀ ಅದೃಷ್ಟ ಮತ್ತು ಆಯ್ಕೆಯಿಂದ ಅಲ್ಲಿಗೆ ತಲುಪಬಹುದೇ ಎಂಬುದು ಅವರ ಪ್ರಶ್ನೆ. ಕಂಪ್ಯೂಟರಿನ ಬದಲು, ಮೊಳೆ ಹೊಡೆದ ಹಲಗೆಯ ಮೇಲಿಂದ ಗೋಲಿ ಉರುಳಿಸಿ ಅದು ಬಿದ್ದ ಕಡೆಗೆ ತಕ್ಕಂತೆ ಕೀಲು ತಿರುಗಿಸಿದರು. ಹೊಸ ಆಕಾರ ಹಳೆಯದಕ್ಕಿಂತ ಮೇಲಾದರೆ ಅದನ್ನು ಇಟ್ಟುಕೊಳ್ಳುವುದು, ಇಲ್ಲದಿದ್ದರೆ ಹಳೆಯದಕ್ಕೇ ಮರಳುವುದು. ಅಂಕುಡೊಂಕಾಗಿ ಮಡಿಸಿಟ್ಟ ತಗಡು ಕೆಲವು ನೂರು ಪ್ರಯತ್ನಗಳಲ್ಲಿ ಹೆಚ್ಚುಕಡಿಮೆ ಚಪ್ಪಟೆಯಾಯಿತು. ಮುಂದೆ ಶ್ವೆಫೆಲ್ ಉಂಗುರಗಳನ್ನು ಒಂದರ ಮೇಲೊಂದು ಜೋಡಿಸಿ ಹೀಗೇ ಒಂದು ನಳಿಕೆ ‘ಬೆಳೆಸಿದರು’. ಉಬ್ಬು ತಗ್ಗುಗಳ ಆ ವಿಕಾರ ಆಕಾರವನ್ನು ಯಾವ ಎಂಜಿನಿಯರೂ ಬರೆದಿರಲಾರ.

‘ಹಳೆಯದಕ್ಕೇ ಮರಳುವುದು’ ಎಂಬ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಅತ್ತ ಮಿಷಿಗನ್ನಿನಲ್ಲಿ ಜಾನ್ ಹಾಲೆಂಡ್ ಬೇರೆ ದಾರಿ ಹಿಡಿದಿದ್ದರು. ರೊನಾಲ್ಡ್ ಫಿಷರ್ ಅವರ ತಳಿಶಾಸ್ತ್ರದ ಪುಸ್ತಕ ಓದಿ ಪ್ರಭಾವಿತರಾಗಿದ್ದ ಅವರಿಗೆ ಯಂತ್ರದ ಭಾಗಗಳಿಗಿಂತ ‘ಹೊಂದಿಕೊಳ್ಳುವುದು’ ಎಂಬ ವಿಷಯದಲ್ಲೇ ಆಸಕ್ತಿ. ಸೊನ್ನೆ ಒಂದುಗಳ ಸರವನ್ನು ವರ್ಣತಂತು ಎಂದುಕೊಂಡು, ಎರಡು ಸರಗಳನ್ನು ಕತ್ತರಿಸಿ ತುಂಡು ಅದಲುಬದಲು ಮಾಡಿ ಮರಿ ಹುಟ್ಟಿಸಿದರು. 1975ರಲ್ಲಿ ಅವರ ಪುಸ್ತಕ ಬಂತು. ಇಲ್ಲಿ ಮಕ್ಕಳು ಬಂದ ಮೇಲೆ ಅಪ್ಪ ಅಮ್ಮಂದಿರು ಸಾಮಾನ್ಯವಾಗಿ ರಂಗದಿಂದ ನಿರ್ಗಮಿಸುತ್ತಾರೆ. ಅಮೆರಿಕದ ಈ ಶಾಖೆಯೇ ಜೆನೆಟಿಕ್ ಅಲ್ಗಾರಿದಂ ಎಂಬ ಹೆಸರಿನಲ್ಲಿ ಬೆಳೆಯಿತು, ಶಾಫರ್ ಅವರ ವೇಗಾ ಅದರದೇ ಕೂಸು. ಬರ್ಲಿನ್ನಿನವರೂ ಮಿಷಿಗನ್ನಿನವರೂ ಬಹುಕಾಲ ತಮ್ಮಷ್ಟಕ್ಕೆ ತಾವಿದ್ದರು.

ಹಾಲೆಂಡ್ ಅವರ ಶಿಷ್ಯ ಡೇವಿಡ್ ಗೋಲ್ಡ್‌ಬರ್ಗ್ ಮೂಲದಲ್ಲಿ ಸಿವಿಲ್ ಎಂಜಿನಿಯರ್. ಗ್ಯಾಸ್ ಪೈಪ್‌ಲೈನ್ ನಡೆಸುವ ಬಗ್ಗೆ 1983ರಲ್ಲಿ ಪಿಎಚ್.ಡಿ. ಮಾಡಿದವರು. 1989ರಲ್ಲಿ ಅವರು ಬರೆದ ಪುಸ್ತಕ ಈ ವಿದ್ಯೆಯನ್ನು ಲೋಕಕ್ಕೆ ಹರಡಿತು. ಅದರಲ್ಲಿ ವೇಗಾದ ಸೋಲನ್ನು ಪ್ರಸ್ತಾಪಿಸಿ, ಕೆಲವೇ ಸಾಲುಗಳಲ್ಲಿ ಒಂದು ಮದ್ದು ಸೂಚಿಸಿದ್ದರು. ಗುರಿಗೊಂದರಂತೆ ಆರಿಸಬೇಡಿ, ಯಾರೂ ಮೀರಿಸದವರನ್ನೆಲ್ಲ ಸಮಾನರೆಂದು ಎಣಿಸಿ. ಮೊದಲು ಅವರನ್ನು ತೆಗೆದಿಡಿ, ಉಳಿದವರಲ್ಲಿ ಮತ್ತೆ ಯಾರೂ ಮೀರಿಸದವರನ್ನು ತೆಗೆಯಿರಿ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಊಟಕ್ಕೆ ಪಂಕ್ತಿ ಮಾಡಿದ ಹಾಗೆ: ಮೊದಲ ಪಂಕ್ತಿ, ಎರಡನೇ ಪಂಕ್ತಿ, ಮೂರನೇ ಪಂಕ್ತಿ. ಜೊತೆಗೆ, ಒಂದೇ ಕಡೆ ಗುಂಪುಗೂಡಿದವರ ಪಾಲನ್ನು ಕಡಿಮೆ ಮಾಡಿ.

ಆ ಪುಸ್ತಕದಲ್ಲಿ ಗೋಲ್ಡ್‌ಬರ್ಗ್ ಇದನ್ನು ಮಾಡಿ ತೋರಿಸಲಿಲ್ಲ. ಆ ಸಾಲುಗಳನ್ನು ಓದಿ ಹಲವರು ಎದ್ದರು. 1993ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಿಂದ ಫೊನ್ಸೆಕಾ ಮತ್ತು ಫ್ಲೆಮಿಂಗ್, ಮರುವರ್ಷ ಅಮೆರಿಕದಿಂದ ಹಾರ್ನ್ ಮತ್ತು ನಾಫ್‌ಪ್ಲಿಯೋಟಿಸ್. ಇವರ ಜೊತೆಗೇ ಕಾನ್ಪುರದಿಂದ ಎನ್. ಶ್ರೀನಿವಾಸ್ ಮತ್ತು ಕಲ್ಯಾಣ್‌ಮೊಯ್ ದೇಬ್.

ದೇಬ್ ತ್ರಿಪುರದವರು. ಖರಗ್‌ಪುರದ ಐಐಟಿಯಲ್ಲಿ ಮೆಕ್ಯಾನಿಕಲ್ ಓದಿ, ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಗೋಲ್ಡ್‌ಬರ್ಗ್ ಅವರ ಕೈಕೆಳಗೆ 1991ರಲ್ಲಿ ಪಿಎಚ್.ಡಿ. ಪಡೆದು, 1993ರಲ್ಲಿ ಕಾನ್ಪುರ ಐಐಟಿಗೆ ಅಧ್ಯಾಪಕರಾಗಿ ಬಂದರು. ಮುಂದೆ ಅಲ್ಲಿ ಕಟ್ಟಿದ ಪ್ರಯೋಗಾಲಯದ ಹೆಸರು ಕಾನ್ಪುರ್ ಜೆನೆಟಿಕ್ ಅಲ್ಗಾರಿದಮ್ಸ್ ಲ್ಯಾಬೊರೇಟರಿ, ಚಿಕ್ಕದಾಗಿ ‘ಕಾನ್‌ಗಾಲ್’. ಹಿಂದಿಯವರಿಗೆ ಇದು ಬಡಪಾಯಿಯಂತೆ ಕೇಳಿಸೀತು, ಕನ್ನಡಿಗರ ಕಿವಿಗೆ ದಿಕ್ಕುಗೆಟ್ಟವನಂತೆ. ಬಹುಗುರಿಯ ಸಮಸ್ಯೆಗಳ ಎದುರು ಅದುವರೆಗೆ ಎಲ್ಲರ ಪಾಡೂ ಅದೇ ಆಗಿತ್ತು ಬಿಡಿ.

ಶ್ರೀನಿವಾಸ್ ಮತ್ತು ದೇಬ್ ಮಾಡಿದ ಅಲ್ಗಾರಿದಂ ಎನ್‌ಎಸ್‌ಜಿಎ. ಪಂಕ್ತಿ ಮಾಡುವ ಗೋಲ್ಡ್‌ಬರ್ಗ್ ಸೂಚನೆಯನ್ನು ಅದು ಅಕ್ಷರಶಃ ಪಾಲಿಸಿತು. ನಡುವಿನವರು ಮೊದಲ ಪಂಕ್ತಿಯಲ್ಲಿ ಜಾಗ ಪಡೆದರು. ಹೆಸರೂ ಬಂತು, ಬೈಗುಳವೂ ಬಂತು. ಮೊದಲ ದೂರು, ನಿಧಾನ. ಪಂಕ್ತಿ ಮಾಡಲು ಪ್ರತಿಯೊಬ್ಬರನ್ನೂ ಉಳಿದೆಲ್ಲರ ಜೊತೆ ಹೋಲಿಸಬೇಕು, ಒಂದು ಪಂಕ್ತಿ ಎದ್ದ ಮೇಲೆ ಉಳಿದವರನ್ನು ಮತ್ತೆ ಮೊದಲಿನಿಂದ ಹೋಲಿಸಬೇಕು. ನೂರು ಪರಿಹಾರ, ಎರಡು ಗುರಿ ಇದ್ದರೆ ಕೆಟ್ಟ ಸಂದರ್ಭದಲ್ಲಿ ಒಂದೊಂದು ಪೀಳಿಗೆಗೂ ಇಪ್ಪತ್ತು ಲಕ್ಷದಷ್ಟು ಹೋಲಿಕೆ. ಎರಡನೆಯದು, ಸಿಕ್ಕ ಒಳ್ಳೆಯ ಪರಿಹಾರ ಮುಂದಿನ ಪೀಳಿಗೆಯಲ್ಲಿ ಕಳೆದುಹೋಗಬಹುದು, ಕಾಪಾಡುವವರಿಲ್ಲ. ಮೂರನೆಯದು ಒಂದು ತಿರುಗುಗುಂಡಿ. ಎಷ್ಟು ಹತ್ತಿರ ಇದ್ದರೆ ‘ಗುಂಪುಗೂಡಿದ್ದಾರೆ’ ಎನ್ನಬೇಕು ಎಂಬ ಅಳತೆಯನ್ನು ಬಳಸುವವರೇ ಕೊಡಬೇಕಿತ್ತು. ಅಂಚಿನ ಆಕಾರ ಗೊತ್ತಿದ್ದವರಿಗೆ ಮಾತ್ರ ಆ ಅಳತೆ ಗೊತ್ತು. ಅಂಚಿನ ಆಕಾರ ಮೊದಲೇ ಗೊತ್ತಿದ್ದರೆ ಅಲ್ಗಾರಿದಂ ಯಾತಕ್ಕೆ?

ಈ ನಡುವೆ ಯೂರೋಪಿನವರು ಸುಮ್ಮನಿರಲಿಲ್ಲ. ಜ್ಯೂರಿಕ್‌ನಲ್ಲಿ ಎಕಾರ್ಟ್ ಜಿಟ್ಜ್‌ಲರ್ ಮತ್ತು ಲೋಥಾರ್ ಥೀಲೆ ಒಳ್ಳೆಯ ಪರಿಹಾರಗಳನ್ನು ಪ್ರತ್ಯೇಕ ಉಗ್ರಾಣದಲ್ಲಿಟ್ಟು ಕಾಯುವ ‘ಸ್ಪಿಯಾ’ವನ್ನು ರೂಪಿಸಿದರು. ರೆಡಿಂಗ್‌ನಲ್ಲಿ ನೋಲ್ಸ್ ಮತ್ತು ಕಾರ್ನ್ ಬರ್ಲಿನ್ ಮಾದರಿಯಲ್ಲಿ ಒಬ್ಬ ತಂದೆ, ಒಂದು ಮರಿ, ಪಕ್ಕಕ್ಕೊಂದು ಉಗ್ರಾಣ ಎಂಬ ಅಚ್ಚುಕಟ್ಟಾದ ‘ಪೇಸ್’ ಮಾಡಿದರು. 2000ದಲ್ಲಿ ಜಿಟ್ಜ್‌ಲರ್, ದೇಬ್, ಥೀಲೆ ಮೂವರೂ ಸೇರಿ ಆರು ಪರೀಕ್ಷಾ ಸಮಸ್ಯೆಗಳನ್ನು ಕಟ್ಟಿ ಎಲ್ಲ ಅಲ್ಗಾರಿದಂಗಳನ್ನೂ ಅವುಗಳ ಮೇಲೆ ಓಡಿಸಿದರು. ಒಂದರ ಅಂಚು ಒಳಕ್ಕೆ ತಗ್ಗಿದ್ದು, ಇನ್ನೊಂದರದು ಐದು ತುಂಡಾದದ್ದು, ಮತ್ತೊಂದರಲ್ಲಿ ದಾರಿ ತಪ್ಪಿಸುವ ಸುಳ್ಳು ಅಂಚುಗಳು. ಪೈಪೋಟಿಯವರು ಒಟ್ಟಿಗೆ ಕೂತು ಪ್ರಶ್ನೆಪತ್ರಿಕೆ ಬರೆದದ್ದು ಈ ಕ್ಷೇತ್ರದ ಭಾಗ್ಯ. ಒಳ್ಳೆಯದನ್ನು ಕೈಬಿಡದ ಅಲ್ಗಾರಿದಂಗಳೇ ಮುಂದೆ ಹೋಗುತ್ತವೆ ಎಂಬುದು ಅಲ್ಲಿ ಸ್ಪಷ್ಟವಾಯಿತು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಸಮ್ಮೇಳನಕ್ಕೆ ಕಾನ್ಪುರದಿಂದ ಒಂದು ಪ್ರಬಂಧ ಹೋಯಿತು. ದೇಬ್ ಜೊತೆ ಅಮೃತ್ ಪ್ರತಾಪ್, ಸಮೀರ್ ಅಗರ್ವಾಲ್, ಟಿ. ಮೆಯ್ಯರಿವನ್ ಎಂಬ ವಿದ್ಯಾರ್ಥಿಗಳು. ಅಲ್ಗಾರಿದಂ ಹೆಸರು ಎನ್‌ಎಸ್‌ಜಿಎ-2. 2002ರ ಏಪ್ರಿಲ್‌ನಲ್ಲಿ ಐಇಇಇ ಪತ್ರಿಕೆಯಲ್ಲಿ ಇದರ ವಿಸ್ತೃತ ರೂಪ ಹದಿನಾರು ಪುಟಗಳಲ್ಲಿ ಅಚ್ಚಾಯಿತು.

ಅದು ಮೂರು ದೂರಿಗೂ ಉತ್ತರಿಸಿದ ಬಗೆಯನ್ನು ಸ್ವಲ್ಪ ನಿಂತು ನೋಡಬೇಕು. ಹೋಲಿಕೆಯನ್ನು ಒಂದೇ ಸಲ ಮಾಡಿ ಲೆಕ್ಕ ಬರೆದಿಟ್ಟುಕೊಂಡರು: ನನ್ನನ್ನು ಮೀರಿಸಿದವರು ಎಷ್ಟು ಜನ, ನಾನು ಮೀರಿಸಿದವರು ಯಾರು ಯಾರು. ಮೊದಲ ಪಂಕ್ತಿ ಎದ್ದಾಗ ಅವರು ಮೀರಿಸಿದವರ ಲೆಕ್ಕದಲ್ಲಿ ಒಂದೊಂದು ಕಳೆದರಾಯಿತು, ಲೆಕ್ಕ ಸೊನ್ನೆಯಾದವರು ಮುಂದಿನ ಪಂಕ್ತಿ. ಇಪ್ಪತ್ತು ಲಕ್ಷ ಇದ್ದದ್ದು ಇಪ್ಪತ್ತು ಸಾವಿರಕ್ಕೆ ಇಳಿಯಿತು. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಷ್ಟು ಸರಳ, ಕಂಪ್ಯೂಟರಿನ ನೆನಪಿನ ಜಾಗವನ್ನು ಮಾತ್ರ ಹೆಚ್ಚು ಕೇಳಿತು.

ಎರಡನೆಯದಕ್ಕೆ, ನೂರು ಹಿರಿಯರನ್ನೂ ನೂರು ಮರಿಗಳನ್ನೂ ಒಂದೇ ಚಾವಡಿಯಲ್ಲಿ ಕೂಡಿಹಾಕಿ ಇನ್ನೂರರಲ್ಲಿ ನೂರನ್ನು ಆರಿಸಿದರು. ಒಳ್ಳೆಯ ಹಿರಿಯ ತನಗಿಂತ ಒಳ್ಳೆಯ ಮರಿ ಬರುವ ತನಕ ಏಳಬೇಕಾಗಿಲ್ಲ. 1964ರ ಬರ್ಲಿನ್ ತಗಡು ಮಾಡಿದ್ದು ಇದನ್ನೇ ಅಲ್ಲವೇ! ಶ್ವೆಫೆಲ್ ಮುಂದೆ ಹಿರಿಯ ಕಿರಿಯರನ್ನು ಕೂಡಿಸಿ ಆರಿಸುವ ಪದ್ಧತಿಯನ್ನೇ ರೂಪಿಸಿದ್ದರು. ಮಿಷಿಗನ್ನಿನ ವಂಶದಲ್ಲಿ ಹುಟ್ಟಿದ ಅಲ್ಗಾರಿದಂ ಕಾನ್ಪುರದಲ್ಲಿ ಬರ್ಲಿನ್ನಿನ ಬುದ್ಧಿ ಕಲಿತಿತ್ತು.

ಮೂರನೆಯ ಉತ್ತರ ನನಗೆ ಎಲ್ಲಕ್ಕಿಂತ ಚೆನ್ನ. ನೂರು ಎಲೆ ಹಾಸಿದೆ. ಮೊದಲ ಪಂಕ್ತಿಯವರು ಕೂತರು, ಎರಡನೆಯವರು ಕೂತರು, ಮೂರನೆಯವರಲ್ಲಿ ನಲವತ್ತು ಮಂದಿ ಇದ್ದಾರೆ, ಉಳಿದಿರುವುದು ಹದಿನೈದು ಎಲೆ. ಯಾರನ್ನು ಕೂರಿಸುವುದು? ಅಂಚಿನ ಮೇಲೆ ಯಾರ ಆಚೀಚೆ ಹೆಚ್ಚು ಖಾಲಿ ಜಾಗ ಇದೆಯೋ ಅವರನ್ನು. ಎಡಗಡೆಯವನಿಂದ ಬಲಗಡೆಯವನಿಗೆ ಇರುವ ಅಂತರವನ್ನು ಪ್ರತಿ ಗುರಿಯಲ್ಲೂ ಅಳೆದು ಕೂಡಿದರೆ ಮುಗಿಯಿತು. ಎರಡು ತುದಿಯವರಿಗೆ ಅನಂತ ಅಂತರ, ಅವರು ಏಳುವಂತಿಲ್ಲ. ತಿರುಗುಗುಂಡಿ ಮಾಯ. ಬಳಸುವವರು ಯಾವ ಅಳತೆಯನ್ನೂ ಊಹಿಸಬೇಕಿಲ್ಲ.

ಇದರಲ್ಲಿ ಹೊಸ ಜೀವಶಾಸ್ತ್ರ ಎಳ್ಳಷ್ಟೂ ಇಲ್ಲ. ಹಿರಿಯರನ್ನೂ ಕಿರಿಯರನ್ನೂ ಕೂಡಿಹಾಕಿ ಪಂಕ್ತಿ ಮಾಡುವ ಕಾಡು ಎಲ್ಲೂ ಇಲ್ಲ. ಡಾರ್ವಿನ್ನರಿಂದ ತಂದದ್ದನ್ನು ಲೆಕ್ಕಿಗನ ಶಿಸ್ತಿನಿಂದ ಇಟ್ಟುಕೊಂಡದ್ದೇ ಇಲ್ಲಿನ ಸುಧಾರಣೆ. ಪ್ರೋಗ್ರಾಂನ ಸಿ ಭಾಷೆಯ ಕೋಡನ್ನು ಕಾನ್‌ಗಾಲ್ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಬಿಟ್ಟದ್ದು ಅದು ಹರಡಲು ಇನ್ನೊಂದು ಕಾರಣ. ವಿಮಾನದ ರೆಕ್ಕೆ, ರಾಸಾಯನಿಕ ಕಾರ್ಖಾನೆ, ಅಣೆಕಟ್ಟಿನ ನೀರು ಹಂಚಿಕೆ ಹೀಗೆ ಎಲ್ಲ ಕಡೆಗೂ ಅದು ಹೋಯಿತು. ಕಂಪ್ಯೂಟರ್ ವಿಜ್ಞಾನದಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ಪ್ರಬಂಧಗಳ ಸಾಲಿಗೆ ಆ ಹದಿನಾರು ಪುಟ ಸೇರಿತು. 2011ರಲ್ಲಿ ಬೆಂಗಳೂರಿನ ಇನ್ಫೋಸಿಸ್ ಸೈನ್ಸ್ ಫೌಂಡೇಶನ್ ದೇಬ್ ಅವರಿಗೆ ಎಂಜಿನಿಯರಿಂಗ್ ಮತ್ತು ಕಂಪ್ಯೂಟರ್ ವಿಜ್ಞಾನದ ಇನ್ಫೋಸಿಸ್ ಪ್ರಶಸ್ತಿ ಕೊಟ್ಟಿತು. ಎರಡು ವರ್ಷದ ಮೇಲೆ ಅವರು ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದರು.

ಇತ್ತ ಪ್ರಕೃತಿಯಿಂದ ಎರವಲು ತರುವ ಚಟ ನಿಲ್ಲಲಿಲ್ಲ. ಆರಂಭದವು ಗಟ್ಟಿಯಾಗಿದ್ದವು. ಅರ್ಜೆಂಟೀನಾ ಇರುವೆಗಳ ಮುಂದೆ ಒಂದು ಉದ್ದ, ಒಂದು ಗಿಡ್ಡ ಎಂದು ಎರಡು ಸೇತುವೆ ಇಟ್ಟರೆ ಬೇಗ ಹೋಗಿ ಬಂದವರ ವಾಸನೆ ಗಿಡ್ಡ ದಾರಿಯಲ್ಲಿ ಬೇಗ ದಟ್ಟವಾಗಿ ಎಲ್ಲರೂ ಅತ್ತಲೇ ಹೊರಳುತ್ತಾರೆ ಎಂಬುದನ್ನು ಬ್ರಸೆಲ್ಸ್‌ನ ವಿಜ್ಞಾನಿಗಳು ತೋರಿಸಿದ್ದರು. ಅದನ್ನು ಅಲ್ಗಾರಿದಂ ಮಾಡಿದವರು ಮಾರ್ಕೊ ದೊರಿಗೊ, 1992ರ ಮಿಲಾನ್ ಪಿಎಚ್.ಡಿ. ಪ್ರಬಂಧದಲ್ಲಿ. 1995ರಲ್ಲಿ ಮನಶ್ಶಾಸ್ತ್ರಜ್ಞ ಕೆನಡಿ ಮತ್ತು ಎಂಜಿನಿಯರ್ ಎಬರ್‌ಹಾರ್ಟ್ ಹಕ್ಕಿಗಳ ಹಿಂಡಿನಿಂದ ಇನ್ನೊಂದು ವಿಧಾನ ತಂದರು. ಮೆಕ್ಸಿಕೊದ ಕೊಯೆಲ್ಲೊ ಅದನ್ನು ಬಹುಗುರಿಗೆ ಒಗ್ಗಿಸಿದರು. ಆಮೇಲೆ ಪ್ರಾಣಿಸಂಗ್ರಹಾಲಯದ ಬಾಗಿಲೇ ತೆರೆದಂತಾಯಿತು. ಜೇನು, ಮಿಂಚುಹುಳು, ಬಾವಲಿ, ಕೋಗಿಲೆ, ತೋಳ, ತಿಮಿಂಗಿಲ. ಒಂದೊಂದಕ್ಕೂ ಒಂದು ಬಹುಗುರಿ ಆವೃತ್ತಿ, ಒಂದೊಂದೂ ಹಿಂದಿನದಕ್ಕಿಂತ ಮೇಲು ಎಂಬ ಪಟ್ಟಿ. ಎಲ್ಲ ಬಗೆಯ ಸಮಸ್ಯೆಗಳ ಮೇಲೂ ಸರಾಸರಿ ನೋಡಿದರೆ ಯಾವ ಹುಡುಕುವ ವಿಧಾನವೂ ಇನ್ನೊಂದಕ್ಕಿಂತ ಮೇಲಲ್ಲ ಎಂದು ವೋಲ್ಪರ್ಟ್ ಮತ್ತು ಮ್ಯಾಕ್‌ರೆಡಿ 1997ರಲ್ಲೇ ಗಣಿತದಿಂದ ತೋರಿಸಿದ್ದು ಈ ಪಟ್ಟಿ ಮಾಡುವವರ ನಿದ್ದೆ ಕೆಡಿಸಲಿಲ್ಲ. 2015ರಲ್ಲಿ ಬೆಲ್ಜಿಯಂನ ಕೆನೆತ್ ಸೋರೆನ್‌ಸನ್ ಈ ರೂಪಕಗಳ ವೇಷ ಕಳಚುವ ಕಟು ಲೇಖನ ಬರೆದರು. ತೋಳ, ಮಿಂಚುಹುಳು, ಬಾವಲಿಗಳ ಚರ್ಮ ಸುಲಿದರೆ ಒಳಗೆ ಹೊಸದೇನಿಲ್ಲ ಎಂದು 2020ರಲ್ಲಿ ಬರೆದ ಮೂವರಲ್ಲಿ ಒಬ್ಬರು ಇರುವೆಗಳ ದೊರಿಗೊ ಅವರೇ.

ನಿಜವಾದ ಮುಂದಿನ ತೊಡಕು ಬೇರೆ ಕಡೆಯಿಂದ ಬಂತು, ಗುರಿಗಳ ಸಂಖ್ಯೆಯಿಂದ. ಎರಡು ಗುರಿ ಇದ್ದಾಗ ಕುರುಡಾಗಿ ಎರಡು ಪರಿಹಾರ ಎತ್ತಿಕೊಂಡರೆ ಒಂದು ಇನ್ನೊಂದನ್ನು ಮೀರಿಸುವ ಸಾಧ್ಯತೆ ಎರಡರಲ್ಲಿ ಒಂದು. ಹತ್ತು ಗುರಿಯಾದರೆ 512ರಲ್ಲಿ ಒಂದು. ಒಂದಲ್ಲ ಒಂದು ಗುರಿಯಲ್ಲಿ ಪ್ರತಿಯೊಬ್ಬನೂ ಮುಂದೆ ಇದ್ದೇ ಇರುತ್ತಾನೆ. ಎಲ್ಲರೂ ಮೊದಲ ಪಂಕ್ತಿಗೇ ಬಂದು ಕೂತರೆ ಪಂಕ್ತಿಗೆ ಅರ್ಥವೇನು? ಆಗ ಆಯ್ಕೆಯ ಭಾರವೆಲ್ಲ ಆಚೀಚೆಯ ಅಂತರದ ಮೇಲೆ ಬಿತ್ತು, ಹತ್ತು ದಿಕ್ಕಿನ ಬಯಲಿನಲ್ಲಿ ಆಚೀಚೆ ಎಂಬುದಕ್ಕೂ ಅರ್ಥ ಉಳಿಯಲಿಲ್ಲ.

ದಾರಿ ತೋರಿದ್ದು ಎಲ್ಲರೂ ಹಳಿಯುತ್ತಿದ್ದ ಹಳೆಯ ವಿಧಾನ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ಕ್ವಿಂಗ್‌ಫು ಜಾಂಗ್ ಮತ್ತು ಹುಯಿ ಲಿ 2007ರಲ್ಲಿ ಅಂಕ ಹಂಚುವುದನ್ನು ಮರಳಿ ತಂದರು, ಆದರೆ ನೂರು ಬಗೆಯ ಹಂಚಿಕೆಯನ್ನು ಒಟ್ಟಿಗೆ ಓಡಿಸಿದರು. ಅಂಕ ಸ್ವಲ್ಪವೇ ಬೇರೆಯಿರುವ ಎರಡು ಹಂಚಿಕೆ ನೆರೆಮನೆಗಳಿದ್ದಂತೆ, ಒಂದು ಮನೆಯಲ್ಲಿ ಸಿಕ್ಕ ಒಳ್ಳೆಯ ಪರಿಹಾರವನ್ನು ಪಕ್ಕದ ಮನೆಯವರೂ ಎತ್ತಿಕೊಳ್ಳಬಹುದು. ತಗ್ಗಿನ ಅಂಚಿಗೂ ಇಳಿಯುವಂತೆ ಬರಿಯ ಕೂಡಿಕೆಯ ಬದಲು ಬೇರೆ ಸೂತ್ರವನ್ನೂ ಬಳಸಿದರು. ಅಂಕಗಳನ್ನು ಸಮನಾಗಿ ಹರಡುವ ಕ್ರಮವನ್ನು ಕೊಟ್ಟವರು ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಇಂದ್ರನೀಲ್ ದಾಸ್ ಮತ್ತು ಜಾನ್ ಡೆನಿಸ್. ಅಂಕ ಕೂಡುವ ಪದ್ಧತಿ ತಗ್ಗಿನಲ್ಲಿ ಸೋಲುತ್ತದೆ ಎಂದು 1997ರಲ್ಲಿ ವಿವರವಾಗಿ ತೋರಿಸಿದ್ದವರೂ ಇವರೇ.

2014ರಲ್ಲಿ ದೇಬ್ ಹಿಮಾಂಶು ಜೈನ್ ಜೊತೆ ಸೇರಿ ಎನ್‌ಎಸ್‌ಜಿಎ-3 ಪ್ರಕಟಿಸಿದರು. ಪಂಕ್ತಿ ಉಳಿಯಿತು, ಹಿರಿಯರ ಚಾವಡಿ ಉಳಿಯಿತು. ತಮಗೆ ಇಷ್ಟು ಹೆಸರು ತಂದ ಆ ಆಚೀಚೆಯ ಅಂತರವನ್ನು ಮಾತ್ರ ದೇಬ್ ತಾವೇ ಕಿತ್ತುಹಾಕಿದರು. ಅದರ ಜಾಗದಲ್ಲಿ ದಾಸ್ ಮತ್ತು ಡೆನಿಸ್ ಕ್ರಮದಲ್ಲಿ ಬಯಲಿನ ತುಂಬ ಗೂಟ ನೆಟ್ಟು, ಗೂಟಕ್ಕೊಬ್ಬರಂತೆ ಹತ್ತಿರದವರನ್ನು ಉಳಿಸಿಕೊಂಡರು. ಮೂರು ಗುರಿಯ ಸಮಸ್ಯೆಗೆ ಆ ಪ್ರಬಂಧದಲ್ಲಿ ಬಳಸಿದ್ದು 91 ಗೂಟ, ಒಂದು ತ್ರಿಕೋನದ ಮೇಲೆ ಸಮನಾಗಿ ಹರಡಿದ್ದು. ಮೂಲೆಯಲ್ಲಿ 3, ಅಂಚುಗಳ ಮೇಲೆ 33. ಉಳಿದ 55 ಗೂಟಗಳು ನಡುವಿನವರವು.